ಕಲ್ಲಿನೊಳಗೆ ಕುಳಿತವಳು

ಹೊನ್ನಗಲ್ಲಿನ ಗಣಿಯಲ್ಲಿ ಚಿನ್ನ ಮುಗಿದು ಎಷ್ಟೋ ವರ್ಷಗಳಾದ ಮೇಲೆ, ಅದರ ಒಂಬೈನೂರು ಮೀಟರ್ ಆಳದಲ್ಲಿ ಒಂದು ಕಲ್ಲನ್ನು ತಂದಿಟ್ಟರು. ಭೂಮಿಯಲ್ಲಿ ಸಿಕ್ಕ ಕಲ್ಲಲ್ಲ ಅದು. ಪ್ರಯೋಗಶಾಲೆಯಲ್ಲಿ ಮೂರು ವರ್ಷ ಹೆಪ್ಪುಗಟ್ಟಿಸಿ ಬೆಳೆಸಿದ್ದು. ಹಾಸಿಗೆಯಷ್ಟು ಅಗಲ, ಮೊಳದಷ್ಟು ದಪ್ಪ, ಹಾಲು ಬೆರೆಸಿದ ನೀರಿನ ಬಣ್ಣ. ಅದರೊಳಗೆ ಕಣ್ಣಿಗೆ ಕಾಣದ ಕೋಟ್ಯಂತರ ಗುಳ್ಳೆಗಳು. ಯಾರಾದರೂ ಒಂದು ವಾಕ್ಯ ಕೊಟ್ಟರೆ ಅದು ಬೆಳಕಿನ ಚಿತ್ತಾರವಾಗಿ ಕಲ್ಲಿನ ಒಂದು ಮುಖದ ಮೇಲೆ ಬೀಳುತ್ತಿತ್ತು. ಒಳಹೊಕ್ಕ ಬೆಳಕು ಗುಳ್ಳೆಯಿಂದ ಗುಳ್ಳೆಗೆ ಲಕ್ಷ ಸಲ ಬಡಿದು, ದಾರಿ ತಪ್ಪಿ, ಇನ್ನೊಂದು ಮುಖದಿಂದ ಹೊರಗೆ ಬರುವಾಗ ಬೇವಿನ ಮರದ ಕೆಳಗೆ ಚೆಲ್ಲಿದ ಬಿಸಿಲಿನ ಚುಕ್ಕೆಗಳ ಹಾಗೆ ಮಿನುಗುತ್ತಿತ್ತು. ಆ ಮಿನುಗನ್ನು ನಲವತ್ತು ಅಂಕಿಗಳ ಸಂಖ್ಯೆಯಾಗಿ ಓದಿಕೊಳ್ಳುತ್ತಿದ್ದರು. ಅದೇ ವಾಕ್ಯವನ್ನು ಹತ್ತು ವರ್ಷ ಬಿಟ್ಟು ಕೊಟ್ಟರೂ ಅದೇ ಸಂಖ್ಯೆ. ಒಂದಕ್ಷರ ಬದಲಾದರೆ ಸಾಕು, ಸಂಬಂಧವೇ ಇಲ್ಲದ ಬೇರೊಂದು ಸಂಖ್ಯೆ. ಸಂಖ್ಯೆಯಿಂದ ವಾಕ್ಯಕ್ಕೆ ಹಿಂದಿರುಗುವ ದಾರಿ ಯಾರಿಗೂ ಇರಲಿಲ್ಲ. ಕಲ್ಲಿಗಂತೂ ನೆನಪೇ ಇಲ್ಲ. ಕೇಳಿದ್ದನ್ನು ಕೇಳಿದ ಕ್ಷಣದಲ್ಲೇ ಮರೆಯುತ್ತಿತ್ತು.

ಆ ಮರೆವೇ ಜನಕ್ಕೆ ಹಿಡಿಸಿತು. ಲಕೋಟೆಯನ್ನು ಒಡೆದು ನೋಡಬಹುದು, ಮತ್ತೆ ಅಂಟಿಸಬಹುದು. ಕಲ್ಲನ್ನು ಹಾಗೆ ಮಾಡಲು ಬರುವುದಿಲ್ಲ. ಮಾತು ಹಾಕಿದ ದಿನ ಸಂಖ್ಯೆಯನ್ನಷ್ಟೇ ತೋರಿಸಿಟ್ಟು, ಬೇಕಾದ ದಿನ ಅದೇ ಮಾತನ್ನು ಎಲ್ಲರೆದುರು ಮತ್ತೆ ಹಾಕಿ ಸಂಖ್ಯೆ ತಾಳೆ ನೋಡುವುದಕ್ಕೆ ತೆರೆಯುವುದು ಎನ್ನುತ್ತಿದ್ದರು. ಉಯಿಲು, ಟೆಂಡರು, ಪಂಚಾಯ್ತಿಯ ಮತ ಎಲ್ಲವೂ ಕಲ್ಲಿಗೆ ಹೋದವು. ಬರಬರುತ್ತ ಸಣ್ಣಪುಟ್ಟವೂ ಹೋದವು. ಬಸುರಿಯರು ಕೂಸಿಗೆ ಇಡಬೇಕೆಂದ ಹೆಸರನ್ನು ಕಲ್ಲಿಗೆ ಹಾಕಿ, ಬಂದ ಸಂಖ್ಯೆಯನ್ನು ಕುಲಾವಿಯ ಅಂಚಿಗೆ ಹೊಲಿದುಕೊಂಡರು. ತೊಟ್ಟಿಲ ದಿನ ಯಾರಾದರೂ ಬೇರೆ ಹೆಸರು ತಂದರೆ ತೋರಿಸುವುದಕ್ಕೆ. ಮುನಿಸಿಕೊಂಡ ಗಂಡಹೆಂಡಿರು, ಮೊದಲು ಮಾತಾಡುವವರು ಯಾರು ಎಂಬ ಹಟದಲ್ಲಿ, ಇಬ್ಬರೂ ತಮ್ಮ ತಮ್ಮ ಕ್ಷಮೆಯನ್ನು ಕಲ್ಲಿಗೆ ಹಾಕಿ ಒಂದೇ ಗಳಿಗೆಯಲ್ಲಿ ತೆರೆಯುತ್ತಿದ್ದರು. ಜನ ಕುಳಿತಲ್ಲಿಂದಲೇ ಕಲ್ಲಿಗೆ ಮಾತು ಕಳಿಸಲು ತಾಲ್ಲೂಕಿಗೊಂದರಂತೆ ಇದ್ದ ಕಲ್ಲಿನ ಕೋಣೆಗಳ ಬಾಗಿಲ ಮೇಲೆ ಒಂದೇ ಬರಹ: ‘ಒಳಗೆ ಯಾರೂ ಇಲ್ಲ.’

ಆ ಮಾತಿಗೆ ಗಣಿತದ ರುಜುವಾತು ಬರೆದುಕೊಟ್ಟವಳು ಮಹಾನಂದಾ. ಈಗ ಅವಳಿಗೆ ನಲವತ್ತಮೂರು. ಅವಳು ಹುಟ್ಟಿದ್ದೂ ಅದೇ ಗಣಿಯ ಕಾಲೊನಿಯಲ್ಲಿ, ಕಲ್ಲಿನ ಕೇಂದ್ರದಲ್ಲಿ ಕೆಲಸ ಸಿಕ್ಕಮೇಲೆ ವಾಸಕ್ಕೆ ಮರಳಿದ್ದೂ ಅದೇ ಕಾಲೊನಿಯ ತಗಡಿನ ಛಾವಣಿಯ ಮನೆಗೆ, ಅವ್ವ ಬಸಲಿಂಗವ್ವನ ಹತ್ತಿರಕ್ಕೆ. ಶಾಲೆಯ ಮಕ್ಕಳು ಕೇಂದ್ರ ನೋಡಲು ಬಂದಾಗ ಅವಳು ತನ್ನ ರುಜುವಾತನ್ನು ಕಥೆಯ ಹಾಗೆ ಹೇಳುತ್ತಿದ್ದಳು.

“ಕಿಟಕಿ ಇಲ್ಲದ ಖೋಲಿಯೊಳಗ ಒಬ್ಬಾಕಿ ಮುದುಕಿ ಕುಂತಾಳ ಅಂತ ತಿಳೀರಿ. ಆಕಿ ಹತ್ತರ ಒಂದು ಖಾಲಿ ಪುಸ್ತಕ, ಒಂದು ನಾಣ್ಯ. ನೀವು ಬಾಗಲದ ಸಂದಿಯೊಳಗಿಂದ ಪ್ರಶ್ನೆ ದಬ್ಬತೀರಿ. ಹೊಸಾ ಪ್ರಶ್ನೆ ಇದ್ದರ ಆಕಿ ನಾಣ್ಯ ತೂರಿ, ಬಂದದ್ದನ್ನ ಪುಸ್ತಕದಾಗ ಬರದು, ಅದನ್ನ ನಿಮಗ ಹೇಳತಾಳ. ಹಳೇ ಪ್ರಶ್ನೆ ಇದ್ದರ ಪುಸ್ತಕ ನೋಡಿ ಹೇಳತಾಳ. ಈಗ ನನಗ ಹೇಳ್ರಿ, ಒಳಗ ಕಲ್ಲೈತೋ ಮುದುಕಿ ಅದಾಳೋ, ಹೊರಗ ನಿಂತ ನಿಮಗ ಗೊತ್ತಾಗತದೇನು?”

ಮಕ್ಕಳು ಇಲ್ಲ ಎನ್ನುತ್ತಿದ್ದರು. ರುಜುವಾತಿನ ಒಳಗುಟ್ಟು ಅದೇ. ಕಾಗದದ ಮೇಲೆ ಕಲ್ಲನ್ನು ಎತ್ತಿಟ್ಟು ಅಲ್ಲಿ ಮುದುಕಿಯನ್ನು ಕೂರಿಸಬೇಕು. ಮುದುಕಿಗೆ ಎರಡು ವರಗಳಿವೆ: ಬಂದ ಪ್ರಶ್ನೆಗಳೆಲ್ಲ ಅವಳ ಕಣ್ಣಿಗೆ ಬೀಳುತ್ತವೆ, ಬೇಕೆಂದರೆ ನಾಣ್ಯ ಬಿಟ್ಟು ತನಗೆ ಬೇಕಾದ ಉತ್ತರವನ್ನೂ ಬರೆಯಬಹುದು, ಹೊರಗಿನವರಿಗೆ ತಿಳಿಯದಿದ್ದರೆ ಸರಿ. ಈ ಎರಡು ವರಗಳ ಬಲದಿಂದ, ಕಲ್ಲಿನ ಬೀಗ ಒಡೆಯಬಲ್ಲ ಕಳ್ಳನಿದ್ದರೆ ಅವನು ಲೋಕದಲ್ಲಿ ಯಾರೂ ಬಿಡಿಸದ ಒಂದು ಹಳೆಯ ಗಣಿತದ ಗಂಟನ್ನೂ ಬಿಡಿಸಿಯಾನು ಎಂದು ತೋರಿಸಬಹುದು. ಆದ್ದರಿಂದ ಅಂಥ ಕಳ್ಳನಿಲ್ಲ. ಮುದುಕಿ ಕಾಗದದ ಮೇಲೆ ಮಾತ್ರ ಇದ್ದವಳು. ಕೆಲಸ ಮುಗಿದ ಮೇಲೆ ಅವಳನ್ನು ಯಾರೂ ನೆನೆಯುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಬಸಲಿಂಗವ್ವ ರೊಟ್ಟಿ ಬಡಿಯುತ್ತಿದ್ದಳು. ತಟ್ಟುವ ಸಪ್ಪಳ ಎಂದಿಗಿಂತ ಜೋರಾಗಿತ್ತು.

“ಇವತ್ತ ಹಾಕತಾರಂತಲ್ಲ, ಇಬ್ಬರೂ?” ಎಂದಳು.

“ಹೌದವ್ವಾ. ಮುಂಜಾನೆ ಹತ್ತಕ್ಕ.”

“ಹಾಕಲಿ. ಆ ಇಬ್ಬರೊಳಗ ಒಬ್ಬಾಂವ ನನ್ನ ಗಂಡನ್ನ ತಿಂದಾನ. ಯಾರಂತ ತಿಳಿದರ ಸಾಕು ನನಗ. ಇನ್ನೊಬ್ಬನ್ನಾರ ಮಾತಾಡಸ್ತೀನಿ.”

ಮೂವತ್ತೊಂದು ವರ್ಷದ ಹಿಂದೆ ಹದಿನೇಳನೇ ಪಾತಳಿಯಲ್ಲಿ ಸ್ಫೋಟವಾಗಿ ಆರು ಜನ ಸತ್ತಿದ್ದರು. ಅವರಲ್ಲಿ ಮಹಾನಂದಾಳ ಅಪ್ಪ, ಪಾಳಿಯ ಮೇಸ್ತ್ರಿ ಚನ್ನವೀರಪ್ಪನೂ ಒಬ್ಬ. ಗಣಿಯ ನಿಯಮ ಸರಳವಾಗಿತ್ತು. ಆಳುಗಳೆಲ್ಲ ಪಾತಳಿಯಿಂದ ಮೇಲೆ ಬಂದರೆಂದು ಎಣಿಸಿದ ಮೇಲೆ, ಗಣಿಬಾಯಿಯಲ್ಲಿ ಗಂಟೆ ಕಾಯುವ ಮೌಲಾಸಾಬ ಮೂರು ಸಲ ಗಂಟೆ ಬಾರಿಸಬೇಕು. ಗಂಟೆ ಕೇಳಿದ ಮೇಲೆ ಕೆಳಗಿದ್ದ ದ್ಯಾಮಣ್ಣ ಸಿಡಿಮದ್ದಿನ ಬತ್ತಿ ಹಚ್ಚಬೇಕು. ಮೌಲಾಸಾಬ ಎಣಿಸದೆ ಗಂಟೆ ಬಾರಿಸಿದನೋ, ದ್ಯಾಮಣ್ಣ ಗಂಟೆಗೆ ಕಾಯದೆ ಹಚ್ಚಿದನೋ? ಉಳಿದವರು ಆ ಇಬ್ಬರೇ. ಇಬ್ಬರೂ ಬಾಯಿ ಬಿಡಲಿಲ್ಲ. ವಿಚಾರಣೆಯ ವರದಿ ಲಕೋಟೆಯಲ್ಲಿ ಬಂತು, ಬರುವ ದಾರಿಯಲ್ಲೇ ಅದನ್ನು ತಿದ್ದಿದ್ದರೆಂದು ಸುದ್ದಿಯಾಯಿತು, ಯಾರೂ ನಂಬಲಿಲ್ಲ. ಕಾಲೊನಿ ಎರಡಾಯಿತು. ಮೇಲಿನ ಸಾಲಿನವರು ಗಂಟೆಯವನ ಕಡೆ, ಕೆಳಗಿನ ಸಾಲಿನವರು ಬತ್ತಿಯವನ ಕಡೆ. ಒಂದು ಸಾಲಿನ ಮದುವೆಗೆ ಇನ್ನೊಂದು ಸಾಲಿನವರು ಹೋಗುತ್ತಿರಲಿಲ್ಲ, ಸತ್ತರೆ ಮಣ್ಣಿಗೂ ಹೋಗುತ್ತಿರಲಿಲ್ಲ. ಬಸಲಿಂಗವ್ವ ಮಾತ್ರ ಇಬ್ಬರ ಮುಖವನ್ನೂ ನೋಡದೆ, ಗಣಿಯ ದವಾಖಾನೆಯಲ್ಲಿ ಸಿಕ್ಕ ಆಯಾ ಕೆಲಸ ಮಾಡಿ ಮಗಳನ್ನು ಓದಿಸಿದಳು.

ಈಗ ಇಬ್ಬರಿಗೂ ಎಂಬತ್ತರ ಹತ್ತಿರ ವಯಸ್ಸು. ದ್ಯಾಮಣ್ಣನ ಎದೆಯ ಆಪರೇಷನ್ ಮರುದಿನ ಬೆಳಿಗ್ಗೆ. ಡಾಕ್ಟರು ಉಳಿಯುವ ಭರವಸೆ ಕೊಟ್ಟಿರಲಿಲ್ಲ. ಕಾಲೊನಿಯ ಸಮಿತಿಯವರು ಇಬ್ಬರನ್ನೂ ಒಪ್ಪಿಸಿದ್ದರು. ಯಾರೂ ಮೊದಲು ಹೇಳುವುದು ಬೇಡ, ಒಬ್ಬನ ಮಾತು ಕೇಳಿ ಇನ್ನೊಬ್ಬ ತನ್ನದನ್ನು ತಿರುಚುವುದೂ ಬೇಡ. ಇಬ್ಬರೂ ತಮ್ಮ ಮಾತನ್ನು, ಜೊತೆಗೆ ಯಾರೂ ಊಹಿಸಿ ತಾಳೆ ನೋಡದ ಹಾಗೆ ತಮಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಪದವನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು, ಅದನ್ನೇ ಕಲ್ಲಿಗೆ ಹಾಕಲಿ. ಬಂದ ಸಂಖ್ಯೆಗಳನ್ನು ಕಾಲೊನಿಯ ಕ್ಲಬ್ಬಿನ ಫಲಕದ ಮೇಲೆ ಬರೆಯೋಣ. ಹದಿನೈದು ದಿನದ ಮೇಲೆ, ದ್ಯಾಮಣ್ಣ ಇರಲಿ ಬಿಡಲಿ, ಎಲ್ಲರೆದುರು ಚೀಟಿ ಓದಿ, ಕಲ್ಲನ್ನು ಮತ್ತೆ ಕೇಳೋಣ. ಅದೇ ಸಂಖ್ಯೆ ಬಂದರೆ ಮಾತು ಬದಲಾಗಿಲ್ಲವೆಂದು ಅರ್ಥ.

ರೊಟ್ಟಿ ತಾಟಿಗೆ ಬೀಳುವ ಹೊತ್ತಿಗೆ ಕೇಂದ್ರದ ನಿರ್ದೇಶಕ ವಾದಿರಾಜ ಕಟ್ಟಿಯವರ ಫೋನು ಬಂತು.

“ಮಹಾನಂದಾ, ಲಗೂನ ಬರ್ರಿ. ಕಲ್ಲು ನಡಗ್ಲಿಕತ್ತದ.”

ಸುರಂಗದೊಳಗೆ ಎಲ್ಲೋ ನೀರು ಜಿನುಗಿ ತಂಪು ಕೆಟ್ಟಿತ್ತು. ಒಂದು ಡಿಗ್ರಿಯ ನೂರನೇ ಒಂದು ಪಾಲು ಏರಿದ್ದಷ್ಟೆ. ಆದರೆ ಪರದೆಯ ಮೇಲೆ ಬೆಳಕಿನ ಚುಕ್ಕೆಗಳು ಗಾಳಿಗೆ ಸಿಕ್ಕ ಕೆರೆಯ ಹಾಗೆ ಅಲುಗುತ್ತಿದ್ದವು. ಅದೇ ಪ್ರಶ್ನೆಯನ್ನು ಎರಡು ಸಲ ಕೇಳಿದರೆ ಎರಡು ಉತ್ತರ. ಕಲ್ಲು ಒಡೆದಿರಲಿಲ್ಲ, ಜ್ವರ ಬಂದಂತಾಗಿತ್ತು.

“ತಣ್ಣಗಾಗ್ಲಿಕ್ಕೆ ಎರಡು ದಿನ ಬೇಕು,” ಎಂದರು ಕಟ್ಟಿ. “ಎಲ್ಲಾ ಬಂದ್ ಮಾಡೋದs.”

“ದ್ಯಾಮಣ್ಣ ಕಾಕಾ ಮಧ್ಯಾಹ್ನ ದವಾಖಾನಿಗೆ ಹೊಂಟಾನ್ರೀ ಸರ್. ಎರಡು ದಿನದ ಮ್ಯಾಲೆ ಅಂವ ಇರತಾನೋ ಇಲ್ಲೋ.”

ಕಟ್ಟಿ ಕನ್ನಡಕ ತೆಗೆದು ಒರೆಸಿಕೊಂಡರು. ಮಹಾನಂದಾ ಪರದೆಯನ್ನೇ ನೋಡುತ್ತ, ಬೇರೆ ಯಾರೋ ಆಡಿದ ಮಾತಿನಂತೆ ಹೇಳಿದಳು: “ಮುದುಕಿನ್ನ ಕೂರಸೋಣ್ರೀ.”

“ಯಾವ ಮುದುಕಿ?”

“ನನ್ನ ರುಜುವಾತಿನ ಮುದುಕಿ. ತೆರೆಯೋದು ಇವತ್ತ ಇಲ್ಲ ಅಂತ ಬೋರ್ಡ್ ಹಾಕೋಣ. ಹೊಸದಾಗಿ ಹಾಕೋರಿಗೆ ಪುಸ್ತಕದಿಂದ ಉತ್ತರ ಕೊಡೋಣ. ಕಲ್ಲು ನೆಟ್ಟಗಾದ ಮ್ಯಾಲೆ ಪುಸ್ತಕಾನ ಅದರ ಮುಂದ ಇಡೋಣ. ಈ ದಿನದ ಪ್ರಶ್ನೆ ಬಂದರ ಪುಸ್ತಕ ಹೇಳಲಿ, ಉಳಿದದ್ದಕ್ಕ ಕಲ್ಲು ಹೇಳಲಿ. ಹೊರಗಿನವರಿಗೆ ಫರಕು ತಿಳಿಯಂಗಿಲ್ಲ. ತಿಳಿಯಂಗಿಲ್ಲ ಅಂತ ನಾನs ಬರದೀನಲ್ಲರೀ.”

“ಆಕಿ ಕಾಗದದ ಮ್ಯಾಲಿನ ಮುದುಕಿ, ಮಹಾನಂದಾ. ಇಲ್ಲಿ ಕೂಡೋಕಿ ನೀವು. ಎಲ್ಲಾರ ಗುಟ್ಟೂ ನಿಮ್ಮ ಕಣ್ಣ ಮುಂದ ಬರ್ತಾವ.”

“ನಾ ನೋಡಂಗಿಲ್ಲ.”

ಕಟ್ಟಿಯವರೂ ಅದೇ ಕಾಲೊನಿಯ ಎರಡು ಸಾಲುಗಳ ನಡುವಿನ ದಾರಿಯಲ್ಲಿ ಹನ್ನೆರಡು ವರ್ಷ ಓಡಾಡಿದವರು. ಕೊನೆಗೆ, “ಇದು ನಮ್ಮಿಬ್ಬರೊಳಗs ಇರಲಿ,” ಎಂದರು.

ನಾಣ್ಯ ತೂರಿ ಅಷ್ಟು ಜನಕ್ಕೆ ಉತ್ತರ ಕೊಡುವುದಾಗದು. ಮಹಾನಂದಾ ಒಂದು ಹಳೆಯ ರೇಡಿಯೊವನ್ನು ಯಾವ ನಿಲಯವೂ ಸಿಗದ ಕಡೆ ತಿರುಗಿಸಿ, ಅದರ ಸುಯ್ ಎನ್ನುವ ಸದ್ದನ್ನು ಕಂಪ್ಯೂಟರಿಗೆ ಕೊಟ್ಟು, ಅದರಿಂದ ಅಂಕಿಗಳನ್ನು ಹೆಕ್ಕಿ, ಬಂದ ಮಾತಿನ ಜೊತೆ ಕಂಪ್ಯೂಟರಿನೊಳಗೇ ಪುಸ್ತಕದ ಹಾಗೆ ಬರೆದಿಡುವ ಏರ್ಪಾಡು ಮಾಡಿದಳು. ಆಕಾಶದ ಯಾವ ಮೂಲೆಯಿಂದಲೋ ಬಂದ ಸದ್ದು. ಮುಂದಿನ ಅಂಕಿ ಯಾವುದೆಂದು ಅದಕ್ಕೇ ಗೊತ್ತಿಲ್ಲ. ಪರದೆಯನ್ನು ಗೋಡೆಯ ಕಡೆ ತಿರುಗಿಸಿ ಕುಳಿತಳು.

ಪ್ರಶ್ನೆಗಳು ಬರತೊಡಗಿದವು. ಒಂದೊಂದು ಬಂದಾಗಲೂ ಪರದೆಯ ಬೆಳಕು ಗೋಡೆಯ ಸುಣ್ಣದ ಮೇಲೆ ಸಣ್ಣಗೆ ಹೊಳೆದು ಆರುತ್ತಿತ್ತು. ರೇಡಿಯೊದ ಸದ್ದು ಕೋಣೆಯನ್ನು ತುಂಬಿ, ಸ್ವಲ್ಪ ಹೊತ್ತಿಗೆ ಸದ್ದೆನ್ನಿಸದೆ ಒಂದು ಬಗೆಯ ನೀರೆನ್ನಿಸಿತು. ಅದರ ತಳದಲ್ಲಿ ತಾನು ಕುಳಿತಿದ್ದೇನೆ. ಮೇಲೆ ಎಲ್ಲೋ ಜನ ಬಗ್ಗಿ ಬಗ್ಗಿ ತಮ್ಮ ಮಾತನ್ನು ಬಿಡುತ್ತಿದ್ದಾರೆ. ಒಂದೊಂದು ಮಾತೂ ಎಲೆಯ ಹಾಗೆ ಓಲಾಡುತ್ತ ಇಳಿದು ತನ್ನ ಮಡಿಲಿಗೆ ಬೀಳುತ್ತಿದೆ. ತೂಕವಿಲ್ಲ, ಹೆಸರಿಲ್ಲ. ಗೋಡೆಯ ಹೊಳಪಿನಲ್ಲಿ ಅಕ್ಷರಗಳು ತಿರುವುಮುರುವಾಗಿ ಕಂಡಂತಾಗಿ ಅವಳು ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣೊಳಗೂ ಅವು ಇಳಿಯುತ್ತಲೇ ಇದ್ದವು. ಯಾರೋ ಹುಡುಗಿಯ ಪ್ರೀತಿ, ಯಾರದೋ ಕೂಸಿನ ಹೆಸರು, ಯಾವನೋ ಶಿಕ್ಷಕ ಹೇಳಬೇಕೆಂದು ಹೇಳದೆ ಉಳಿಸಿಕೊಂಡ ತಪ್ಪು. ಕಂಡದ್ದೋ ಕಲ್ಪಿಸಿಕೊಂಡದ್ದೋ ಅವಳಿಗೇ ತಿಳಿಯಲಿಲ್ಲ. ಇಷ್ಟು ವರ್ಷ ಆ ಮುದುಕಿಗೆ ಎರಡು ವರ ಕೊಟ್ಟೆನೆಂದುಕೊಂಡಿದ್ದೆನಲ್ಲ, ಅವಳನ್ನು ಒಮ್ಮೆಯೂ ಹೇಗಿದ್ದೀಯೆಂದು ಕೇಳಲಿಲ್ಲವಲ್ಲ ಎನ್ನಿಸಿತು.

ಹತ್ತು ಗಂಟೆಗೆ ಹೊನ್ನಗಲ್ಲಿನ ಕೋಣೆಯಿಂದ ಸಂಕೇತ ಬಂತು. ಮಹಾನಂದಾ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು. ನೋಡಬೇಕಾದ ಅಗತ್ಯವೇನೂ ಇರಲಿಲ್ಲ. ಕೈ ತಾನಾಗಿ ಹೋಗಿ ಪರದೆಯನ್ನು ತಿರುಗಿಸಿತು.

ಮೊದಲ ಸಾಲು ಮೌಲಾಸಾಬನದು: ‘ಆಳು ಎಣಿಸದೆ ಮೂರು ಗಂಟೆ ಬಾರಿಸಿದೆ. ತಪ್ಪು ನನ್ನದು, ನನ್ನೊಬ್ಬನದು.’

ಇವನೇ ಹಾಗಾದರೆ. ಇಪ್ಪತ್ತು ನಿಮಿಷ ಬಿಟ್ಟು ಎರಡನೆಯ ಸಾಲು ಬಂತು, ದ್ಯಾಮಣ್ಣನದು: ‘ಗಂಟೆ ಆಗಲೇ ಇಲ್ಲ. ಗಂಟೆ ಇಲ್ಲದೆ ಬತ್ತಿ ಹಚ್ಚಿದೆ. ಆರು ಜೀವ ನನ್ನ ಕೈಯಿಂದ ಹೋದವು.’

ಅವಳು ಎರಡೂ ಸಾಲನ್ನು ಮತ್ತೆ ಮತ್ತೆ ಓದಿದಳು. ಗಂಟೆ ಆಗಿದ್ದರೆ ದ್ಯಾಮಣ್ಣನದು ಸುಳ್ಳು. ಆಗಿರದಿದ್ದರೆ ಮೌಲಾಸಾಬನದು ಸುಳ್ಳು. ಇಬ್ಬರೂ ತಪ್ಪನ್ನು ಇನ್ನೊಬ್ಬನ ಕಡೆ ತಳ್ಳಿದ್ದರೆ ಅದು ತಿಳಿಯುವ ಮಾತು. ತಪ್ಪನ್ನು ತನ್ನ ಕಡೆಗೇ ಎಳೆದುಕೊಳ್ಳುವ ಸುಳ್ಳನ್ನು ಯಾರಾದರೂ ಯಾಕೆ ಹೇಳುತ್ತಾರೆ? ಅವಳ ರುಜುವಾತು ಮಾತು ಬದಲಾಗದು ಎಂದಷ್ಟೇ ಹೇಳಿತ್ತು. ಮಾತು ನಿಜವೆಂದು ಎಲ್ಲೂ ಹೇಳಿರಲಿಲ್ಲ. ಅದು ಅವಳಿಗೆ ಗೊತ್ತಿದ್ದದ್ದೇ. ಆದರೂ ಇವತ್ತೇ ಗೊತ್ತಾದಂತಾಯಿತು.

ಆ ದಿನ ಸಂಜೆಯ ತನಕ ನಾನೂರ ಹದಿನೇಳು ಜನ ಕಲ್ಲಿಗೆಂದು ಹಾಕಿದ ಮಾತು ಅವಳ ಪುಸ್ತಕಕ್ಕೆ ಬಿತ್ತು. ಮರುದಿನ ರಿಪೇರಿಯೆಂದು ಕೋಣೆಗಳನ್ನು ಮುಚ್ಚಿದರು, ಎರಡು ದಿನದಲ್ಲಿ ಕಲ್ಲಿನ ಜ್ವರ ಇಳಿಯಿತು. ಚುಕ್ಕೆಗಳು ಮತ್ತೆ ನಿಂತ ನೀರಿನ ಹಾಗೆ ಅಲುಗದೆ ನಿಂತವು. ಯಾರಿಗೂ ಏನೂ ತಿಳಿಯಲಿಲ್ಲ.

ದ್ಯಾಮಣ್ಣ ಬದುಕಿದ. ಹನ್ನೆರಡನೆಯ ದಿನ ಕಾಲೊನಿಗೆ ಮರಳಿದವನು, ಮೊಮ್ಮಗಳ ಕೈಲಿ ಮಹಾನಂದಾಳಿಗೆ ಹೇಳಿ ಕಳಿಸಿದ. ಅವಳು ಹೋದಾಗ ಮಧ್ಯಾಹ್ನದ ಬಿಸಿಲು ತಗಡಿನ ತೂತುಗಳಿಂದ ಇಳಿದು ಹಾಸಿಗೆಯ ಮೇಲೆ ಬಿದ್ದಿತ್ತು. ಮುದುಕ ಗೋಡೆಗೆ ಒರಗಿ ಕುಳಿತಿದ್ದ. ಮೊಮ್ಮಗಳನ್ನು ಹೊರಗೆ ಕಳಿಸಿ, ದನಿ ತಗ್ಗಿಸಿದ.

“ನೀ ಆ ಕಲ್ಲಿನ ಲೆಕ್ಕಾ ಮಾಡಿದಾಕಿ. ನಿನಗ ಗೊತ್ತಿರತೈತಿ. ಒಮ್ಮೆ ಹಾಕಿದ ಮಾತು ಬದಲಿ ಮಾಡಾಕ ಬರತೈತೇನು, ಮಗಳ?”

“ಯಾಕ, ಕಾಕಾ?”

“ಸಾಯ್ತೀನಂತ ತಿಳದು ಬರದಿದ್ದೆ.” ಅವನ ಬಾಯಂಚಿನಲ್ಲಿ ನಾಚಿಕೆಯಂಥದೇನೋ ಮೂಡಿತು. “ಬದುಕಿಬಿಟ್ಟೆ. ಸತ್ತಾಂವ ಏನ್ ಬೇಕಾದರೂ ಹೊರಬಹುದು. ಇನ್ನ ಮೂರು ದಿನಕ್ಕ ಅದನ್ನ ಓದತಾರ. ನನ್ನ ಮೊಮ್ಮಕ್ಕಳು ಈ ಓಣ್ಯಾಗ ಅಡ್ಡಾಡಬೇಕು. ಅರ್ಧ ಬರದಿದ್ದೆ, ಇನ್ನರ್ಧ ಬರೀಬೇಕಾಗೈತಿ.”

“ಇನ್ನರ್ಧ ಏನು?”

ದ್ಯಾಮಣ್ಣ ಅವಳ ಮುಖ ನೋಡಲಿಲ್ಲ. ಹಾಸಿಗೆಯ ಮೇಲಿನ ಬಿಸಿಲಿನ ಚುಕ್ಕೆಯ ಮೇಲೆ ಬೆರಳಿಟ್ಟು ಹೇಳಿದ. ಆ ದಿನ ಪಂಪು ಕೆಟ್ಟಿತ್ತು. ಪಾತಳಿಗೆ ನೀರು ಏರುತ್ತಿತ್ತು. ಇನ್ನು ಅರ್ಧ ತಾಸು ತಡೆದರೆ ಮದ್ದು ತುಂಬಿದ ತೂತುಗಳಿಗೆ ನೀರು ಹೊಕ್ಕು ತಿಂಗಳ ಕೆಲಸ ಹಾಳು. ಮೇಸ್ತ್ರಿ ಚನ್ನವೀರಪ್ಪ ಮೊದಲು ದ್ಯಾಮಣ್ಣನ ಎದುರಿಗೇ ಮೇಲಕ್ಕೆ ಫೋನು ಮಾಡಿ ಮೌಲಾಸಾಬನಿಗೆ, ಎಣಿಕೆ ಬೇಡ, ಗಂಟೆಯೂ ಬೇಡ, ನಾನೇ ನೋಡಿಕೊಳ್ಳುತ್ತೇನೆ ಎಂದ. ಆಮೇಲೆ ಸುರಂಗದ ಆಚೆ ತುದಿಯಿಂದ ದ್ಯಾಮಣ್ಣನಿಗೆ ಕೂಗಿ ಹೇಳಿದ: ಗಂಟಿ ಕಾಯಬ್ಯಾಡ, ಹಚ್ಚು, ನಾವು ಏಣಿ ದಾರಿಲೆ ಹೊಂಟೀವಿ. ಏಣಿಯ ದಾರಿಯಲ್ಲಿ ಮಣ್ಣು ಕುಸಿದದ್ದು ಮೇಸ್ತ್ರಿಗೆ ಗೊತ್ತಿರಲಿಲ್ಲ. ಐದು ಜನರನ್ನು ಕರೆದುಕೊಂಡು ಅಲ್ಲೇ ಸಿಕ್ಕಿಬಿದ್ದ.

“ಮೇಸ್ತ್ರಿದು ತಪ್ಪಂತ ಬರದರ ನಿಮ್ಮವ್ವಗ ಕೆಲಸಾನೂ ಇಲ್ಲ, ಮನೀನೂ ಇಲ್ಲ. ಉಳದ ಐದು ಮನಿಯವರು ಆಕಿನ್ನ ಹರಕೊಂಡು ತಿಂತಿದ್ದರು. ನೀ ಹನ್ನೆರಡು ವರ್ಷದಾಕಿ, ದವಾಖಾನಿ ಕಟ್ಟಿ ಮ್ಯಾಲೆ ಕುಂತಿದ್ದಿ. ನಿನ್ನ ನೋಡಿದೆ, ಬಾಯಿ ಕಟ್ಟಿತು. ಮೌಲಾ ಹೇಳತಾನ ಅಂದಕೊಂಡೆ. ಅಂವನೂ ಹೇಳಲಿಲ್ಲ. ಯಾಕಂತ ಕೇಳಬೇಕಂದರ ನಮ್ಮಿಬ್ಬರ ನಡುವ ಕಾಲೊನಿ ನಿಂತುಬಿಟ್ಟಿತ್ತು.”

ಮಹಾನಂದಾ ಎದ್ದು ಮಡಕೆಯಿಂದ ನೀರು ಬಗ್ಗಿಸಿ ಕುಡಿದಳು. ಯಾರ ನೀರು, ಯಾರ ಲೋಟ ಎಂಬುದು ಕುಡಿದ ಮೇಲೆ ನೆನಪಾಯಿತು. ಕೆಳಗಿನ ಸಾಲಿನ ಮನೆಯಲ್ಲಿ ಅವಳು ಎಂದೂ ನೀರು ಕುಡಿದಿರಲಿಲ್ಲ.

“ನೋಡತೀನಿ, ಕಾಕಾ,” ಎಂದು ಹೊರಬಂದಳು.

ಮನೆಯಲ್ಲಿ ಅವ್ವ ಅಂಗಳದಲ್ಲಿ ಕುಳಿತು ಹೆಸರುಕಾಳು ಹಸನು ಮಾಡುತ್ತಿದ್ದಳು. ಒಳಗೆ ಗೋಡೆಯ ಮೇಲೆ ಅಪ್ಪನ ಚಿತ್ರ, ಅದಕ್ಕೆ ಪ್ರತಿ ಸೋಮವಾರ ಬದಲಾಗುವ ಹೂವಿನ ಎಸಳು. ಸತ್ತವನನ್ನು ಅವ್ವ ಒಂದು ಉದ್ದಿನ ಕಾಳಿನಷ್ಟೂ ಕುಂದಿಲ್ಲದವನನ್ನಾಗಿ ಇಟ್ಟುಕೊಂಡಿದ್ದಳು. ಅವನ ಬಗ್ಗೆ ಮಾತೇ ಆಡುತ್ತಿರಲಿಲ್ಲ. ಪೂಜೆ ಮಾಡುತ್ತಿದ್ದಳು, ಅಷ್ಟೆ. ಅಪ್ಪನ ಜೊತೆ ಕಳೆದ ಹನ್ನೆರಡು ವರ್ಷವೂ ಆ ಪೂಜೆಯ ಅಡಿಯಲ್ಲಿ ಹೂತುಹೋಗಿ, ಮಹಾನಂದಾಳಿಗೆ ಅಪ್ಪನೆಂದರೆ ಆ ಚಿತ್ರ ಬಿಟ್ಟು ಬೇರೇನೂ ನೆನಪಿಗೆ ಬರುತ್ತಿರಲಿಲ್ಲ. ಅವಳು ಅವ್ವನ ಎದುರು ಕುಳಿತು, ತಾನೂ ಒಂದು ಹಿಡಿ ಕಾಳು ಮುಂದೆ ಎಳೆದುಕೊಂಡು, ಏನೂ ಹೇಳದೆ ಆರಿಸತೊಡಗಿದಳು.

ತೆರೆಯುವ ದಿನ ಬೆಳಿಗ್ಗೆ ಅವಳು ಯಾರೂ ಬರುವುದಕ್ಕೆ ಮೊದಲೇ ನಿಯಂತ್ರಣ ಕೋಣೆಗೆ ಹೋದಳು. ಪುಸ್ತಕದಲ್ಲಿ ದ್ಯಾಮಣ್ಣನ ಸಾಲು ಹುಡುಕಿದಳು. ಕೆಲಸ ಬಹಳ ಸಣ್ಣದು. ದ್ಯಾಮಣ್ಣ ಹೊಸ ಚೀಟಿ ತರಲಿ, ಹೊಸ ಮಾತು, ಹೊಸ ಗುಟ್ಟಿನ ಪದ. ಆ ಹೊಸ ಪ್ರಶ್ನೆಗೂ ಫಲಕದ ಮೇಲಿರುವ ಹಳೆಯ ಸಂಖ್ಯೆಯೇ ಉತ್ತರವೆಂದು ಅವಳು ಇಲ್ಲಿ ಬರೆದರೆ ಆಯಿತು. ಭೂಮಿಯ ಮೇಲೆ ಯಾರಿಗೂ ತಿಳಿಯದು. ಅದು ಬರೀ ಊಹೆಯಲ್ಲ, ಪ್ರಮೇಯ. ಅವಳದೇ ಪ್ರಮೇಯ.

ಅವಳು ದ್ಯಾಮಣ್ಣನ ಇನ್ನರ್ಧವನ್ನೂ ಸೇರಿಸಿ ಪೂರ್ತಿ ಮಾತನ್ನು ಬರೆದಳು. ಅಪ್ಪನ ಹೆಸರು ಪರದೆಯ ಮೇಲೆ ಮೂಡಿತು. ಇನ್ನೊಂದು ಕೀಲಿ ಒತ್ತಬೇಕು, ಅಷ್ಟೆ. ಒತ್ತಿದರೆ ಸತ್ಯ ಹೊರಗೆ ಬರುತ್ತದೆ, ಆದರೆ ಮೋಸದ ದಾರಿಯಿಂದ. ಒತ್ತದಿದ್ದರೆ ಕಲ್ಲಿನ ಮರ್ಯಾದೆ ಉಳಿಯುತ್ತದೆ, ಅಪ್ಪನ ಹೆಸರೂ ಉಳಿಯುತ್ತದೆ, ಮುದುಕನೊಬ್ಬ ಆರು ಕೊಲೆಗಳನ್ನು ಹೊತ್ತು ಬದುಕುತ್ತಾನೆ. ಸುಮ್ಮನಿರುವುದು ಎಷ್ಟು ಸುಲಭ, ಎಷ್ಟು ಸರಿಯಾದದ್ದರ ಹಾಗೆ ಕಾಣುತ್ತದೆ ಎಂದು ಅವಳಿಗೆ ಹೆದರಿಕೆಯಾಯಿತು. ರುಜುವಾತಿನಲ್ಲಿ ಮುದುಕಿಗೆ ಯಾರೂ ಸಂಬಂಧಿಕರಿರಲಿಲ್ಲ. ಅವಳು ಬರೆದದ್ದನ್ನು ಒಂದೊಂದೇ ಅಕ್ಷರವಾಗಿ ಅಳಿಸಿದಳು. ಅಪ್ಪನ ಹೆಸರು ಕೊನೆಗೆ ಹೋಯಿತು.

ಕ್ಲಬ್ಬಿನ ಹಾಲಿನಲ್ಲಿ ಮೇಲಿನ ಸಾಲಿನವರು ಎಡಕ್ಕೆ, ಕೆಳಗಿನ ಸಾಲಿನವರು ಬಲಕ್ಕೆ ಕುಳಿತಿದ್ದರು. ಬಸಲಿಂಗವ್ವ ಮುಂದೆ, ನಡುವಿನ ಕುರ್ಚಿಯಲ್ಲಿ ಒಬ್ಬಳೇ. ಒಳಗೆ ಹೋಗುವಾಗ ದ್ಯಾಮಣ್ಣ ಕಣ್ಣಲ್ಲೇ ಕೇಳಿದ. ಮಹಾನಂದಾ ಅವನ ಹತ್ತಿರ ಬಗ್ಗಿ, “ಬದಲಿ ಆಗಂಗಿಲ್ಲ, ಕಾಕಾ. ಆದರ ಇನ್ನರ್ಧ ನಾ ಹೇಳಲೇನು?” ಎಂದಳು. ಮುದುಕ ಅವಳ ಕೈಯನ್ನು ಒಮ್ಮೆ ಹಿಡಿದು ಬಿಟ್ಟ.

ಸಮಿತಿಯವರು ಮೌಲಾಸಾಬನ ಚೀಟಿ ಓದಿದರು. ಕೇಂದ್ರದಿಂದ ಸಂಖ್ಯೆ ಬಂತು. ಫಲಕದ ನಲವತ್ತೂ ಅಂಕಿ ಸರಿಯಾಗಿತ್ತು. ಬಲಗಡೆಯಿಂದ, “ನೋಡ್ರಿ, ಹೇಳಿದ್ದೆವಲ್ಲ!” ಎಂದು ಗದ್ದಲ ಎದ್ದಿತು. ಅದು ಅಡಗುವ ಮೊದಲೇ ದ್ಯಾಮಣ್ಣನ ಚೀಟಿ ಓದಿದರು. ಅದರ ಸಂಖ್ಯೆಯೂ ಸರಿಯಾಗಿತ್ತು. ಈ ಸಲ ಎಡಗಡೆಯವರು ಕೂಗಲು ಬಾಯಿ ತೆರೆದು, ಹಾಗೇ ನಿಂತರು. ಎರಡು ಮಾತೂ ಒಂದಕ್ಕೊಂದು ಕೂಡುವುದಿಲ್ಲವೆಂದು ನಿಧಾನಕ್ಕೆ ಒಬ್ಬೊಬ್ಬರಿಗೇ ಹೊಳೆಯಿತು. ಮೌಲಾಸಾಬ ತಿರುಗಿ ದ್ಯಾಮಣ್ಣನನ್ನು ನೋಡುತ್ತಿದ್ದ.

“ನೀ ಯಾಕೋ ಹಂಗ ಬರದಿ?” ಎಂದ. ಮೂವತ್ತೊಂದು ವರ್ಷದಲ್ಲಿ ಅವನು ದ್ಯಾಮಣ್ಣನಿಗೆ ಆಡಿದ ಮೊದಲ ಮಾತು ಅದು.

“ನೀ ಯಾಕ ಬರದಿ?” ಎಂದ ದ್ಯಾಮಣ್ಣ.

ಮಹಾನಂದಾ ಎದ್ದು ನಿಂತಳು. ಕಟ್ಟಿಯವರ ಕಡೆ ನೋಡಿದಳು. ಅವರು ತಲೆ ತಗ್ಗಿಸಿ, ಆಗಲಿ ಎಂಬಂತೆ ಕೈಯಾಡಿಸಿದರು.

“ಈ ಇಬ್ಬರೂ ಮಾತು ಹಾಕಿದ ದಿನ ಕಲ್ಲು ಕೆಟ್ಟಿತ್ತು,” ಎಂದಳು. “ಆ ದಿನ ಒಳಗ ನಾ ಇದ್ದೆ. ನಾನೂರ ಹದಿನೇಳು ಮಂದಿ ಹಾಕಿದ್ದು ಕಲ್ಲಿಗಲ್ಲ, ನನಗ. ನೋಡಂಗಿಲ್ಲ ಅಂತ ಹೇಳಿ ಕುಂತಿದ್ದೆ. ಈ ಎರಡು ಮಾತು ನೋಡಿದೆ. ಅದು ನನ್ನ ತಪ್ಪು. ಬದಲಿ ಮಾಡೂ ಶಕ್ತಿನೂ ನನ್ನ ಕೈಯಾಗಿತ್ತು, ಇವತ್ತ ಮುಂಜಾನೆ ತನಕ ಇತ್ತು. ಬದಲಿ ಮಾಡಿಲ್ಲ. ನಂಬೂದು ಬಿಡೂದು ನಿಮಗ ಬಿಟ್ಟದ್ದು. ಈಗ ಇದರಾಗ ಇಲ್ಲದ್ದನ್ನ ಹೇಳತೀನಿ. ಅದು ನಮ್ಮಪ್ಪನ ಮಾತು.”

ಅವಳು ಹೇಳಿದಳು. ಪಂಪು, ನೀರು, ಫೋನು, ಸುರಂಗದಾಚೆಯಿಂದ ಬಂದ ಕೂಗು. ಅವ್ವನ ಕಡೆ ನೋಡದೆ ಹೇಳಿದಳು. ಮುಗಿಸಿದಾಗ ಮೌಲಾಸಾಬ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ. ಹಿಂದಿನಿಂದ, ಸತ್ತ ಉಳಿದ ಐವರಲ್ಲಿ ಒಬ್ಬನ ಮಗ ಏನೋ ಕೂಗಲು ಎದ್ದವನು, ಬಸಲಿಂಗವ್ವ ಎದ್ದದ್ದು ಕಂಡು ಸುಮ್ಮನಾದ.

ಅವಳು ಸೆರಗು ಸರಿಮಾಡಿಕೊಂಡು, ಯಾರ ಆಸರೆಯೂ ಇಲ್ಲದೆ ನಡೆದು, ಇಬ್ಬರು ಮುದುಕರ ಎದುರು ನಿಂತಳು. ಬೈಯುತ್ತಾಳೆಂದು ಕೆಲವರು ತಿಳಿದರು. ಅಳುತ್ತಾಳೆಂದು ಕೆಲವರು.

“ಮೂವತ್ತೊಂದು ವರ್ಷ ನನ್ನ ಗಂಡನ್ನ ಹೊತ್ತೀರಿ,” ಎಂದಳು. “ನನಗೊಂದು ಮಾತು ತಿಳಸಲಿಲ್ಲ. ಇಷ್ಟ ದಿನ ನಿಮ್ಮ ಮುಖಾ ನೋಡದs ಹಾದಿ ದಾಟತಿದ್ದೆನಲ್ಲೋ. ಸಾಕಿನ್ನ. ಇಳಸ್ರಿ ಅಂವನ್ನ.”

ಮಹಾನಂದಾಳನ್ನು ಅದೇ ದಿನ ಕೆಲಸದಿಂದ ತಡೆದಿಟ್ಟರು. ಎರಡು ತಿಂಗಳ ವಿಚಾರಣೆಯ ಮೇಲೆ ತೆಗೆದುಹಾಕಿದರು. ಕಟ್ಟಿಯವರು ತಾವಾಗಿಯೇ ನಿವೃತ್ತಿ ಬರೆದುಕೊಟ್ಟರು. ಪತ್ರಿಕೆಗಳು ಕಲ್ಲಿನ ಬಗ್ಗೆ ತಿಂಗಳುಗಟ್ಟಲೆ ಬರೆದವು. ಕೋಣೆಗಳು ಕೆಲ ಕಾಲ ಖಾಲಿಯಾಗಿದ್ದು, ಬೇರೆ ದಾರಿ ಇಲ್ಲದ್ದರಿಂದ ಮತ್ತೆ ತುಂಬಿದವು. ಆ ದಿನ ಮಾತು ಹಾಕಿದ ನಾನೂರ ಹದಿನೇಳು ಜನರಿಗೂ ಬಂದು ಮತ್ತೆ ಹಾಕಬಹುದೆಂದು ಪತ್ರ ಹೋಯಿತು. ಬಂದವರು ಒಂಬತ್ತು ಜನ. ಉಳಿದವರು ಯಾಕೆ ಬರಲಿಲ್ಲವೆಂದು ಯಾರೂ ಸರಿಯಾಗಿ ವಿವರಿಸಲಿಲ್ಲ. ಎರಡು ಸಾಲುಗಳು ಒಂದೇ ದಿನದಲ್ಲಿ ಒಂದಾಗಲಿಲ್ಲ. ಸತ್ತ ಉಳಿದ ಐವರ ಮನೆಗಳಲ್ಲಿ ಎರಡು ಮನೆಯವರು ಬಸಲಿಂಗವ್ವನ ಸಂಗಡ ಮಾತು ಬಿಟ್ಟರು. ಒಂದು ಮನೆಯ ಮುದುಕಿ ಮಾತ್ರ ಅದೇ ವಾರ ಒಂದು ತಟ್ಟೆ ಕಡುಬು ತಂದಿಟ್ಟು ಹೋದಳು.

ಅದಾಗಿ ಒಂದು ಭಾನುವಾರ ಬೆಳಿಗ್ಗೆ ಮೌಲಾಸಾಬನೂ ದ್ಯಾಮಣ್ಣನೂ ಒಬ್ಬರ ಭುಜ ಒಬ್ಬರು ಹಿಡಿದು ಮನೆಗೆ ಬಂದರು. ಕಟ್ಟೆಯ ಮೇಲೆ ಕುಳಿತರು. ಚಹಾ ಆಯಿತು. ಮೌಲಾಸಾಬ ಬಟ್ಟಲು ತಿರುಗಿಸುತ್ತಿದ್ದ. ಮಹಾನಂದಾ ಹೊಸ್ತಿಲಲ್ಲಿ ನಿಂತಿದ್ದಳು. ಬೀದಿ ನೋಡುತ್ತ ಕುಳಿತಿದ್ದ ಬಸಲಿಂಗವ್ವ ಇದ್ದಕ್ಕಿದ್ದಂತೆ ಹೇಳಿದಳು:

“ಅಂವ ಮೊದಲಿಂದ ಹಂಗs. ಯಾವುದಕ್ಕೂ ಕಾಯಾಂವ ಅಲ್ಲ. ನಮ್ಮ ಮದುವ್ಯಾಗ ಐನೋರು ಮಂತ್ರಾ ಮುಗಸಿದ್ದಿಲ್ಲ, ಬಾಜಾದವರು ಇನ್ನೂ ಚಹಾ ಕುಡೀಲಿಕ್ಕೆ ಹೋಗಿದ್ದರು. ತಾಳಿ ಕಟ್ಟೇಬಿಟ್ಟ! ಐನೋರು ‘ಏ ತಮ್ಮಾ, ನಿಂದರೋ’ ಅಂದರ, ‘ಅಡಿಗಿ ಆರತೈತ್ರೀ’ ಅಂದ.”

ದ್ಯಾಮಣ್ಣನ ಬಾಯಿಂದ ಚಹಾ ಚಿಮ್ಮಿತು. ಮೌಲಾಸಾಬ ತೊಡೆ ಬಡಿದುಕೊಂಡ. ಬಸಲಿಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು, ತಡೆಯಲಾರದೆ, ಹೊಟ್ಟೆ ಹಿಡಿದು ನಗುತ್ತಿದ್ದಳು. ಮಹಾನಂದಾ ಅಪ್ಪನನ್ನು ಅಂದೇ ಮೊದಲ ಸಲ ಕಂಡಳು: ಊಟ ಆರಿಹೋದೀತೆಂದು ತಾಳಿ ಹಿಡಿದು ಅವಸರ ಮಾಡುತ್ತಿರುವ ಒಬ್ಬ ಹುಡುಗ.

“ಆಮ್ಯಾಲೇನಾತವ್ವಾ?” ಎಂದು ಕೇಳುತ್ತ ಅವಳೂ ಬಂದು ಅವರ ನಡುವೆ ಕುಳಿತಳು.